ಪಂಚಮಿ ಜಮಖಾನೆಯ ಮೇಲೆ ಗೆದ್ದ ಬಾಳೆಕಂದು

ನಾನು ಆಯಿ ಆದೆ. ಇವತ್ತು ಮುಂಜಾನೆ ಅಂಗಳಕ್ಕೆ ಬಿಸಿಲು ಬೀಳುವ ಹೊತ್ತಿಗೆ ನನ್ನ ಮಗಳು ಗಂಗವ್ವ ಹೆಣ್ಣುಮಗು ಹಡೆದಳು. ಮದುವೆಯಾಗಿ ಏಳು ವರ್ಷಕ್ಕೆ. ತಾಯಿ, ಕೂಸು ಇಬ್ಬರೂ ಸುಖವಾಗಿದ್ದಾರೆ. ಕೂಸಿಗೆ ತಲೆ ತುಂಬ ಕಪ್ಪು ಕೂದಲು, ನಮ್ಮವರದೇ ಅಗಲ ಹಣೆ, ಅತ್ತರೆ ಬಾವಿಯ ತನಕ ಕೇಳುವ ಗಂಟಲು. ಎಲ್ಲ ಕೂಸುಗಳೂ ಮುಷ್ಟಿ ಬಿಗಿದುಕೊಂಡು ಬರುತ್ತವೆ. ಇದು ಎರಡೂ ಅಂಗೈ ಬಿಚ್ಚಿಕೊಂಡು ಬಂದಿದೆ. "ನೀಲವ್ವಕ್ಕಾ, ನಿನ್ನ ಮೊಮ್ಮಗಳು ಕೊಡುಗೈಯಾಕಿ ನೋಡು" ಎಂದಳು ಸೂಲಗಿತ್ತಿ. ಪೆಟ್ಟಿಗೆಯಲ್ಲಿಟ್ಟಿದ್ದ ಹೊಸ ಇಳಕಲ್ ಸೀರೆಯನ್ನೇ ತೆಗೆದು ಅವಳ ಹೆಗಲಿಗೆ ಹಾಕಿದೆ. ಸದ್ಯ, ನನ್ನ ತವರಿನ ಗಂಡಸರ ಬಿಗಿ ಕೈ ಈ ಕೂಸಿಗೆ ಬರಲಿಲ್ಲ.

ಓಣಿಗೆ ಹಂಚಲು ಹಣ್ಣು ತರೋಣವೆಂದು ಹಿಂದಿನ ಕೋಣೆಯ ಬಾಗಿಲು ತೆಗೆದೆ. ಹುಲ್ಲಿನಲ್ಲಿ ಹಣ್ಣಿಗೆ ಇಟ್ಟ ಕೆಂಪು ಬಾಳೆಗೊನೆಗಳ ವಾಸನೆ ಮುಖಕ್ಕೆ ಬಡಿಯಿತು. ದಿನಾ ಬರುವ ವಾಸನೆಯೇ. ಇವತ್ತು ಮಾತ್ರ ಬಾಗಿಲು ಹಿಡಿದು ನಿಂತುಬಿಟ್ಟೆ. ಇಪ್ಪತ್ತೇಳು ವರ್ಷದ ಹಿಂದಿನ ಶ್ರಾವಣ, ಕಮಲಾಪುರದ ನನ್ನ ತವರಿನ ಪಡಸಾಲೆ, ಮಾಸಿದ ಜಮಖಾನೆ, ಅದರ ಮೇಲೆ ಕೂತ ಮೂವರು ಜಿಪುಣರು, ಎಲ್ಲರೂ ಕಣ್ಣ ಮುಂದೆ ಬಂದರು. ನಾನು ಓದಿದವಳಲ್ಲ. ತಮ್ಮನನ್ನು ಮಠದ ಶಾಲೆಗೆ ಬಿಡಲು ಹೋಗಿ, ಬಾಗಿಲಲ್ಲಿ ಕೂತು ಕಲಿತ ಅಕ್ಷರ ಇವು. ಒತ್ತು, ದೀರ್ಘ ತಪ್ಪಿದರೆ ಓದುವವರು ಸರಿ ಮಾಡಿಕೊಳ್ಳಲಿ. ನನ್ನ ಮೊಮ್ಮಗಳು ಮುಂದೊಂದು ದಿನ ಇದನ್ನು ಓದಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಆಗ ನನಗೆ ಹತ್ತೊಂಬತ್ತು. ಮದುವೆಯಾಗಿ ಮೂರು ವರ್ಷ. ಕಲಬುರ್ಗಿಯಲ್ಲಿ, ರೋಜಾದ ಒಂದು ಓಣಿಯಲ್ಲಿ, ಬಾಡಿಗೆಯ ಒಂದು ಕೋಣೆ. ನಮ್ಮವರು ಸ್ಟೇಷನ್ ಕಡೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ದುಡಿಯುತ್ತಿದ್ದರು. ಸಂಜೆ ಬರುವಾಗ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗಾಗಿರುತ್ತಿದ್ದವು. ಮೊದಲ ವರ್ಷ ಅದನ್ನು ನೋಡಿ ನಗುತ್ತಿದ್ದೆ. ಎರಡನೆಯ ವರ್ಷ ಕೆಮ್ಮು ಶುರುವಾಯಿತು. ಮೂರನೆಯ ವರ್ಷ ರೊಟ್ಟಿಯ ಒಂದು ತುತ್ತಿಗೂ ಇನ್ನೊಂದು ತುತ್ತಿಗೂ ನಡುವೆ ಕೆಮ್ಮಿ, ಗೋಡೆ ಹಿಡಿದು, ಉಸಿರು ಸಿಕ್ಕ ಮೇಲೆ ಉಣ್ಣುತ್ತಿದ್ದರು. ರೋಜಾದ ಹಕೀಮರು ಎದೆಗೆ ಕಿವಿ ಇಟ್ಟು ಕೇಳಿ, ಇನ್ನೆರಡು ಹಂಗಾಮು ಹತ್ತಿಯಲ್ಲಿ ದುಡಿದರೆ ಈ ಎದೆ ಉಳಿಯುವುದಿಲ್ಲ, ಬಯಲು ಗಾಳಿಯಲ್ಲಿ ದುಡಿಮೆ ಹುಡುಕಿಕೊಳ್ಳಿ ಎಂದರು.

ಬಯಲು ನಮಗಿತ್ತು. ಕಪನೂರಿನಲ್ಲಿ ನಮ್ಮ ಮಾವನವರು ಬಿಟ್ಟುಹೋದ ಎರಡು ಎಕರೆ, ಅದರಲ್ಲೊಂದು ಬಾವಿ. ಜೋಳ ತೊಗರಿ ಬಿತ್ತಿದರೆ ಅರ್ಧ ವರ್ಷದ ಹೊಟ್ಟೆಗೂ ಸಾಲದು. ಆದರೆ ಬಾವಿಯಲ್ಲಿ ಬೇಸಿಗೆಯಲ್ಲೂ ನೀರು. ಅಲ್ಲಿ ಕಮಲಾಪುರದ ಕೆಂಪು ಬಾಳೆ ಹಾಕಿದರೆ ಜಿನ್ನಿನ ಕಡೆ ಮುಖ ಮಾಡುವ ಅಗತ್ಯವಿಲ್ಲ ಎಂದು ನಮ್ಮವರ ಲೆಕ್ಕ. ಸುಬೇದಾರರ ಬಂಗಲೆಗೂ, ಹೈದರಾಬಾದಿಗೆ ಹೋಗುವ ದೊಡ್ಡ ಸಾಹೇಬರ ಬುಟ್ಟಿಗೂ ಆ ಹಣ್ಣೇ ಬೇಕಾಗಿದ್ದ ಕಾಲ.

ಹಾಕುವುದಕ್ಕೆ ಕಂದು ಬೇಕು. ಬಾಳೆಯ ಬುಡದಲ್ಲಿ ಏಳುವ ಮರಿಗಿಡವೇ ಕಂದು. ಅಗೆದು ಬೇರೆ ಕಡೆ ನೆಟ್ಟರೆ ಹೊಸ ಗಿಡ. ಹನ್ನೆರಡು ಕಂದು ಸಿಕ್ಕರೆ ಮೂರು ವರ್ಷದಲ್ಲಿ ಎರಡೆಕರೆ ತುಂಬುತ್ತದೆ. ಆದರೆ ಕಮಲಾಪುರದ ತೋಟದವರು ಕಂದನ್ನು ಊರ ಹೊರಗೆ ಬಿಡುತ್ತಿರಲಿಲ್ಲ. ಮಾರುತ್ತಿರಲಿಲ್ಲ, ಹೆಣ್ಣು ಕೊಟ್ಟ ಊರಿಗೂ ಕಳಿಸುತ್ತಿರಲಿಲ್ಲ. ಮಗಳಿಗೆ ಸೀರೆ ಕೊಡುತ್ತಿದ್ದರು, ಹಿತ್ತಾಳೆ ಕೊಡ ಕೊಡುತ್ತಿದ್ದರು, ಕಂದು ಕೊಡುತ್ತಿರಲಿಲ್ಲ. ಮಗಳು ಒಯ್ದರೆ ಅಳಿಯ ಬೆಳೆಯುತ್ತಾನೆ, ಅಳಿಯ ಬೆಳೆದರೆ ನಮ್ಮ ಹಣ್ಣನ್ನು ಕೇಳುವವರು ಯಾರು ಎಂಬುದು ಅವರ ಹೆದರಿಕೆ. ಹೆದರಿಕೆಯಲ್ಲೇ ಹುಟ್ಟಿ ಹೆದರಿಕೆಯಲ್ಲೇ ಬೆಳೆದ ಮಂದಿ.

ನನಗೆ ಅಪ್ಪ ಇರಲಿಲ್ಲ. ದೊಡ್ಡಪ್ಪನೇ ಮನೆಗೆ ಹಿರಿಯ. ನಮ್ಮವರು ಎರಡು ಸಲ ಹೋಗಿ ಅವನ ಮುಂದೆ ಬಾಯಿಬಿಟ್ಟು ಕೇಳಿದ್ದರು.

"ಅಳಿಯಂದ್ರ, ಎತ್ತು ಕೇಳ್ರಿ, ಬೆಳ್ಳಿ ಕೇಳ್ರಿ. ಕಂದು ಮಾತ್ರ ಕೇಳಬ್ಯಾಡ್ರಿ" ಎಂದಿದ್ದ ದೊಡ್ಡಪ್ಪ.

"ಎತ್ತು, ಬೆಳ್ಳಿ ಕೇಳಿದ್ರೂ ಕೊಡಂಗಿಲ್ಲ, ಅದು ಬ್ಯಾರೆ ಮಾತು" ಎಂದು ದೊಡ್ಡಪ್ಪನ ತಮ್ಮ ಶರಣಪ್ಪ ಕಾಕಾ ಸೇರಿಸಿದ್ದ. ಇಬ್ಬರೂ ನಕ್ಕಿದ್ದರಂತೆ. ನಮ್ಮವರು ಮನೆಗೆ ಬಂದು, "ನಿಮ್ಮ ತವರಿಗೆ ನಾ ಇನ್ನ ಕಾಲಿಡಂಗಿಲ್ಲ, ನೀ ಹೋಗಿ ಬಾ" ಎಂದರು. ಸಿಟ್ಟಿನಲ್ಲಿ ಹೇಳಿದ್ದಲ್ಲ. ಸಿಟ್ಟು ಮಾಡುವಷ್ಟು ಉಸಿರು ಅವರಲ್ಲಿ ಇರಲಿಲ್ಲ.

ಆ ಶ್ರಾವಣದಲ್ಲಿ ಜಿಟಿಜಿಟಿ ಮಳೆ ಹಿಡಿದು ಬಿಡಲೇ ಇಲ್ಲ. ನಾಗರಪಂಚಮಿಗೆ ಕರೆಯಲು ನನ್ನ ತಮ್ಮ ಚಕ್ಕಡಿ ತಂದ. ಹೊರಡುವ ಮೊದಲು ಪಕ್ಕದ ಮನೆಯ ಖಾಲಾ ಬಂದಳು. ಗಂಡ ಸತ್ತವಳು, ಅತ್ತರು ಮಾರಿ ಮಕ್ಕಳನ್ನು ಸಾಕಿದವಳು. ಮಧ್ಯಾಹ್ನದ ಹೊತ್ತು ಹುಣಸೆಬೀಜ ಹರವಿಕೊಂಡು ನನಗೆ ಮೂರೆಲೆ ಇಸ್ಪೀಟು ಕಲಿಸಿದವಳೂ ಅವಳೇ. ನನ್ನ ತವರಿನವರು ಹೇಗೆ ಆಡುತ್ತಾರೆ ಎಂದು ಹಿಂದೊಮ್ಮೆ ಕೇಳಿದ್ದಳು. ಒಳ್ಳೆ ಎಲೆ ಬರುವ ತನಕ ಒಗೆಯುತ್ತಲೇ ಇರುತ್ತಾರೆ, ಗಟ್ಟಿ ಎಲೆ ಬಂದರೆ ಮಾತ್ರ ಬೀಜ ಇಡುತ್ತಾರೆ ಎಂದಿದ್ದೆ. ಖಾಲಾ ಅಡಕೆ ಅಗಿಯುತ್ತಾ ಹೇಳಿದ್ದಳು: "ಡರ್‍ನೇವಾಲೇ ಕೆ ಸಾಮ್ನೆ ಪತ್ತೇ ನಕ್ಕೋ ದೇಖ್ ಬೇಟಿ. ಉಸ್ಕಾ ಮೂಂ ದೇಖ್." ಹೆದರುವವನ ಎದುರು ನಿನ್ನ ಎಲೆ ನೋಡಬೇಡ, ಅವನ ಮುಖ ನೋಡು. ಅವನು ಒಗೆದರೆ ಇಟ್ಟದ್ದು ನಿನ್ನದು. ಅವನು ಬಂದನೋ, ನೀನು ಎದ್ದು ಓಡು, ಕೈಯಲ್ಲಿ ಏನೇ ಇರಲಿ.

ಈಗ ಆಟದ ಮಾತು. ನಮ್ಮ ಮುತ್ಯಾ, ದೊಡ್ಡಪ್ಪನ ಅಪ್ಪ, ಹಿಂದೆ ಇಸ್ಪೀಟಿನಲ್ಲಿ ಒಂದು ಜೋಡಿ ಎತ್ತು ಕಳೆದಿದ್ದನಂತೆ. ಅಂದಿನಿಂದ ಆ ಮನೆಯ ಜಮಖಾನೆಯ ಮೇಲೆ ದುಡ್ಡು ಇಡಬಾರದು ಎಂದು ಆಣೆ ಮಾಡಿಸಿದ್ದ. ದುಡ್ಡಿನ ಬದಲು ಹುಣಸೆಬೀಜ. ಒಂದು ಬೀಜಕ್ಕೆ ಒಂದು ಬಾಳೆಕಂದು. ಪಂಚಮಿಯ ಐದು ದಿನ ಆಡಿ, ಮುಗಿದ ಮರುದಿನ ಸೋತವನು ತನ್ನ ತೋಟದಿಂದ ಅಗೆದು ಗೆದ್ದವನಿಗೆ ಕೊಡಬೇಕು. ಆಡುವವರು ದೊಡ್ಡಪ್ಪ, ಶರಣಪ್ಪ ಕಾಕಾ, ಪಕ್ಕದ ತೋಟದ ರಾಯರು. ಮೂರು ತೋಟವೂ ಒಂದೇ ಬೇಲಿಗೆ ಅಂಟಿಕೊಂಡವು. ಈ ತೋಟದ ಕಂದು ಆ ತೋಟಕ್ಕೆ, ಆ ತೋಟದ್ದು ಈ ತೋಟಕ್ಕೆ. ಅಷ್ಟಕ್ಕೇ ಆ ಮೂವರು ಬೆವರು ಒರೆಸಿಕೊಂಡು ಆಡುತ್ತಿದ್ದರು. ಜಮಖಾನೆಯ ಮೇಲೆ ಹೊರಗಿನವರು ಕೂತರೆ ಏನಾಗುತ್ತದೆ ಎಂದು ಮುತ್ಯಾನೂ ಯೋಚಿಸಿರಲಿಲ್ಲ, ಇವರೂ ಯೋಚಿಸಿರಲಿಲ್ಲ.

ಮುತ್ಯಾ ಇನ್ನೊಂದು ಕಟ್ಟಳೆ ಮಾಡಿಟ್ಟಿದ್ದ, ಇವರು ಹೇಡಿಗಳೆಂದು ಅವನಿಗೆ ಗೊತ್ತಿದ್ದೇ ಮಾಡಿರಬೇಕು. ಎಲೆ ಹಂಚಿದವನ ಬಲಕ್ಕೆ ಕೂತವನು ಎಲೆ ನೋಡುವ ಮೊದಲೇ ಒಂದು ಬೀಜ ಇಡಬೇಕು. ಅವನ ಬಲಕ್ಕೆ ಕೂತವನು, ಅವನೂ ನೋಡದೆ, ಎರಡು ಇಡಬೇಕು. ಇವಕ್ಕೆ ಕುರುಡು ಬೀಜ ಎನ್ನುತ್ತಿದ್ದರು. ಮಿಕ್ಕವರು ಎಲೆ ನೋಡಿ, ಮನಸ್ಸಿದ್ದರೆ ಎರಡೋ ಹೆಚ್ಚೋ ಇಟ್ಟು ಬರಬೇಕು, ಇಲ್ಲವೇ ಎಲೆ ಒಗೆಯಬೇಕು. ಕೊನೆಗೆ ಕುರುಡು ಬೀಜ ಇಟ್ಟವರ ಸರದಿ. ಸಮ ಬೀಜ ಇಟ್ಟು ಇಬ್ಬರು ಉಳಿದರೆ ಎಲೆ ತಿರುಗಿಸಿ, ದೊಡ್ಡ ಎಲೆಯವನಿಗೆ ಗೆಲುವು. ಎಲ್ಲರೂ ಒಗೆದರೆ, ಉಳಿದ ಒಬ್ಬನಿಗೆ ಜಮಖಾನೆಯ ಮೇಲಿದ್ದದ್ದೆಲ್ಲ. ಅವನ ಎಲೆ ಏನಿತ್ತು ಎಂದು ಕೇಳುವಂತಿಲ್ಲ.

ಪಂಚಮಿಗೆ ಬಂದ ಮಗಳು ಏನು ಕೇಳಿದರೂ ಇಲ್ಲ ಎನ್ನಬಾರದು ಎಂಬುದು ಆ ಮನೆಯ ನಡೆ. ಅದಕ್ಕೇ, ಕಂದು ಕೇಳಬಾರದು ಎಂದು ನಮಗೆ ಚಿಕ್ಕಂದಿನಿಂದಲೇ ಹೇಳಿಟ್ಟಿದ್ದರು. ನಾನು ಕಂದು ಕೇಳಲಿಲ್ಲ. ಹೆಣ್ಣುಮಕ್ಕಳೆಲ್ಲ ಬೇವಿನ ಮರದ ಜೋಕಾಲಿಗೆ ಸಾಲು ನಿಂತಿದ್ದಾಗ ಪಡಸಾಲೆಗೆ ಹೋಗಿ, ಸೆರಗು ಹೊದ್ದು, ಜಮಖಾನೆಯ ಅಂಚಿನಲ್ಲಿ ನಿಂತೆ.

"ದೊಡ್ಡಪ್ಪಾರೀ, ನಾನೂ ಆಡ್ತೀನಿ."

"ಏ ನೀಲವ್ವಾ, ಹೆಣ್ಮಗಳು ಜೋಕಾಲಿ ಆಡಬೇಕು. ಇಸ್ಪೀಟು ಏನ್ ಆಡ್ತಿ?"

"ಪಂಚಮಿಗಿ ಬಂದ ಮಗಳಿಗಿ ಇಲ್ಲ ಅಂತೀರೇನ್ರಿ?"

ದೊಡ್ಡಪ್ಪ ಕಾಕಾನ ಮುಖ ನೋಡಿದ. ಕಾಕಾ ರಾಯರ ಮುಖ ನೋಡಿದ. ರಾಯರು ಮನೆಯಲ್ಲಿ ಮರಾಠಿ ಆಡುವವರು, ನಮ್ಮೊಡನೆ ಕನ್ನಡ. ಜುಟ್ಟು ಸವರಿಕೊಂಡು, "ಬಸೂ ದ್ಯಾ, ಬಸೂ ದ್ಯಾ. ಕೂಡ್ಲಿ ಬಿಡ್ರಿ. ನಾಕು ಕೊಬ್ಬರಿ ಬಟ್ಟಲ ಸೋತು ತಾನ ಎದ್ದು ಹೋಗ್ತಾಳ" ಎಂದರು.

ಪಂಚಮಿಗೆ ನನಗೆ ಬಂದಿದ್ದ ಹತ್ತು ಕೊಬ್ಬರಿ ಬಟ್ಟಲು ಕಾಕಾನ ಮುಂದೆ ಇಟ್ಟು ಹತ್ತು ಬೀಜ ತೆಗೆದುಕೊಂಡೆ. ಕಾಕಾ ಬಟ್ಟಲುಗಳನ್ನು ಒಂದೊಂದಾಗಿ ಮೂಸಿ ನೋಡಿ ಒಳಗಿಟ್ಟುಕೊಂಡ. ನನ್ನ ಎಡಕ್ಕೆ ರಾಯರು, ಬಲಕ್ಕೆ ದೊಡ್ಡಪ್ಪ, ಎದುರಿಗೆ ಕಾಕಾ. ಐದು ದಿನವೂ ಕೂತದ್ದು ಹೀಗೆಯೇ.

ಅವರ ಆಟವನ್ನು ಏನೆಂದು ಹೇಳಲಿ. ಎಲೆ ಕೈಗೆ ಬಂದರೆ ಕೆಂಡ ಬಂದಂತೆ ಬಿಡುತ್ತಿದ್ದರು. ದೊಡ್ಡಪ್ಪ ಮೂರೆಲೆಯನ್ನು ಎದೆಗೆ ಅಂಟಿಸಿಕೊಂಡು, ಒಂದರ ಮೂಲೆ ಎತ್ತಿ, ಮುಚ್ಚಿ, ಇನ್ನೊಂದರ ಮೂಲೆ ಎತ್ತಿ, ನಿಟ್ಟುಸಿರು ಬಿಟ್ಟು ಒಗೆಯುತ್ತಿದ್ದ. ಜೋಡಿ ರಾಣಿ ಇದ್ದರೂ ಒಗೆಯುತ್ತಿದ್ದ; ಎದುರಿನವನ ಹತ್ತಿರ ಜೋಡಿ ರಾಜ ಇದ್ದರೆ? ಕಾಕಾ ಒಗೆದ ಮೇಲೆ, "ನಂದು ಬರ್ತಿತ್ತು, ಸ್ವಲ್ಪದಾಗ ಹೋಯ್ತು" ಎಂದು ಪ್ರತಿಸಲವೂ ಹೇಳುತ್ತಿದ್ದ. ಏನು ಬರುತ್ತಿತ್ತು, ಎಲ್ಲಿಗೆ ಹೋಯಿತು, ದೇವರೇ ಬಲ್ಲ. ರಾಯರಂತೂ ಎಲೆ ನೋಡುವ ಮೊದಲೇ ಒಗೆಯುವ ಮುಖ ಮಾಡಿಕೊಂಡಿರುತ್ತಿದ್ದರು. ಮನೆಯಲ್ಲೂ ಹಾಗೆಯೇ: ಒಂದು ಅಡಕೆಯನ್ನು ಎಂಟು ಮಾಡಿ ಬಾಯಿಗೆ ಹಾಕಿಕೊಳ್ಳುವವರು, ಮೊಮ್ಮಕ್ಕಳಿಗೆ ಗೊನೆಯ ತುದಿಯ ಕಾಯಾದ ಹಣ್ಣು ಕೊಟ್ಟು ತಲೆ ಸವರುವವರು. ಇಂಥವರು ಆಟಕ್ಕೆ ಕೂರುವುದಾದರೂ ಯಾಕೆ? ಮನೆಯಲ್ಲಿ ಹೊದ್ದು ಮಲಗಬಾರದೆ?

ಮೊದಲ ದಿನ ಖಾಲಾಳ ಮಾತಿನ ಮೇಲೆ ನನಗೇ ನಂಬಿಕೆ ಇರಲಿಲ್ಲ. ರಾಯರು ಹಂಚಿದರು. ನಾನು ಒಂದು ಕುರುಡು ಬೀಜ ಇಟ್ಟೆ, ದೊಡ್ಡಪ್ಪ ಎರಡು. ಕಾಕಾ ಒಗೆದ, ರಾಯರು ಒಗೆದರು. ನನ್ನ ಸರದಿ. ಎಲೆ ಮುಟ್ಟಲಿಲ್ಲ. ಇನ್ನೂ ಮೂರು ಬೀಜ ಮುಂದೆ ತಳ್ಳಿ ನಾಲ್ಕು ಮಾಡಿದೆ.

"ಎಲಿ ನೋಡೇ ಇಲ್ಲಲ್ಲೇ ಹುಚ್ಚಿ" ಎಂದ ದೊಡ್ಡಪ್ಪ.

"ನನಗ ಎಲಿ ಓದಾಕ ಬರಂಗಿಲ್ರೀ. ನಾಗಪ್ಪ ನೋಡ್ತಾನ."

ದೊಡ್ಡಪ್ಪ ತನ್ನ ಎಲೆಯ ಮೂಲೆ ಎತ್ತಿದ, ಮುಚ್ಚಿದ, ಎತ್ತಿದ. ಒಗೆದ. ಅವನ ಎರಡು ಬೀಜ ನನ್ನ ಮಡಿಲಿಗೆ ಬಂದವು. ಎರಡು ಕಂದು. ನಮ್ಮವರು ಎರಡು ಸಲ ಕೈಮುಗಿದು ಕೇಳಿ ಸಿಗದೆ ಬಂದದ್ದು, ಮೂರು ಕಾಗದ ಮುಟ್ಟದೆ ಸಿಕ್ಕಿತು.

ಆಮೇಲೆ ಅದೇ ಆಯಿತು. ಒಂದು ಕುರುಡು ಬೀಜ ಇಡುವ ಸರದಿ ಬಂದಾಗ, ಎಲ್ಲರೂ ಒಗೆದರೆ ನೋಡದೆ ನಾಲ್ಕು ಮಾಡುತ್ತಿದ್ದೆ, ದೊಡ್ಡಪ್ಪನ ಎರಡು ಬರುತ್ತಿತ್ತು. ಎರಡು ಇಡುವ ಸರದಿ ಬಂದಾಗ ನಾನು ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ಕೂತರೆ ಎಲ್ಲರೂ ಒಗೆದು ರಾಯರ ಒಂದು ನನಗೆ ಬರುತ್ತಿತ್ತು. ಕುರುಡು ಬೀಜ ಇಡದ ಸರದಿಯಲ್ಲಿ ನಾನೂ ಅವರಂತೆ ಒಗೆಯುತ್ತಿದ್ದೆ. ಯಾರಾದರೂ ಬೀಜ ಇಟ್ಟು ಬಂದರೆ, ಆ ಕ್ಷಣ ಎಲೆ ಕೆಳಗೆ. ಅವರಿಗೆ ಗಟ್ಟಿ ಎಲೆ ಬಂದದ್ದು ಕುರುಡನಿಗೂ ಕಾಣುತ್ತಿತ್ತು. ದೊಡ್ಡಪ್ಪನಿಗೆ ಗಂಟಲು ಒಣಗಿ, "ಏ, ನೀರು ತಾ" ಎಂದು ಒಳಗೆ ಕೂಗುತ್ತಿದ್ದ. ಕಾಕಾ ಇದ್ದಕ್ಕಿದ್ದಂತೆ ಎಲ್ಲರ ಆರೋಗ್ಯ ವಿಚಾರಿಸುತ್ತಿದ್ದ. ರಾಯರು ತಮ್ಮ ಬೀಜ ಎಣಿಸಲು ಶುರು ಮಾಡುತ್ತಿದ್ದರು.

ಎರಡೇ ಹೋಯಿತಲ್ಲ, ಒಂದೇ ಹೋಯಿತಲ್ಲ, ಯಾಕೆ ತಕರಾರು ಎಂದು ಸುಮ್ಮನಿದ್ದರು. ಒಂದು ಸಲ, ಒಂದೇ ಸಲ, ಯಾರಾದರೂ ಧೈರ್ಯ ಮಾಡಿ ನನ್ನ ಎಲೆ ತಿರುಗಿಸಿ ನೋಡುವಷ್ಟು ಬೀಜ ಇಟ್ಟಿದ್ದರೆ ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನಾಲ್ಕು ದಿನ ಮೂರು ಮೀಸೆಗಳು ಒಂದು ಹುಡುಗಿಯ ಮುಂದೆ ಕೂತರೂ, ಆ ಒಂದು ಸಲ ಬರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ, ಮಾಳಿಗೆಯ ಮೂಲೆ ಸೋರಿ ಬಿಂದಿಗೆಗೆ ಟಪ್ ಟಪ್ ಎಂದು ನೀರು ಬೀಳುತ್ತಿತ್ತು. ನಾನು ಹತ್ತು ಬೀಜ ತಿರುಗಿ ಕೊಟ್ಟು ಕೊಬ್ಬರಿ ಬಟ್ಟಲು ಬಿಡಿಸಿಕೊಂಡೆ. ಅಷ್ಟಾದ ಮೇಲೂ ಮಡಿಲಲ್ಲಿ ಇಪ್ಪತ್ತೊಂದು ಉಳಿದಿದ್ದವು. ಆಗ ಕಾಕಾನಿಗೆ ಮಂಪರು ಬಿಟ್ಟಿತು.

"ಅಣ್ಣಾ" ಎಂದ, ಮೆಲ್ಲಗೆ. "ಈಕಿ ಬೀಜ ಈಕಿ ಊರಿಗಿ ಹೋಗ್ತಾವಲ್ಲ."

"ಹೋದ್ರ ಏನಾಯ್ತು, ಹುಣಸಿಬೀಜ" ಎಂದ ದೊಡ್ಡಪ್ಪ.

"ಹುಣಸಿಬೀಜ ಅಲ್ಲೋ ಅಣ್ಣಾ, ಕಂದು."

ಮೂವರೂ ನನ್ನ ಮಡಿಲು ನೋಡಿದರು. ನಾಲ್ಕು ದಿನ ಬೇಕಾಯಿತು ಅವರಿಗೆ ಇಷ್ಟು ತಿಳಿಯಲು. ಐದನೆಯ ದಿನ ಉಳಿದಿತ್ತು. ಕಟ್ಟಳೆಯಂತೆ ಕೊನೆಯ ದಿನ ಆಡದೆ ಎದ್ದು ಹೋಗುವಂತಿಲ್ಲ.

ಮರುದಿನ ದೊಡ್ಡಪ್ಪ ಮಡಿ ಧೋತರ ಉಟ್ಟು, ವಿಭೂತಿ ಬಳಿದುಕೊಂಡು ಬಂದ, ಆಟಕ್ಕಲ್ಲ, ಲಗ್ನಕ್ಕೆ ಬಂದವನ ಹಾಗೆ. ಆದರೆ ಮಡಿ ಧೋತರದಿಂದ ಮನುಷ್ಯ ಬದಲಾಗುತ್ತಾನೆಯೆ? ಬೆಳಗಿನಿಂದ ಅದೇ ಮೂಲೆ ಎತ್ತುವುದು, ಅದೇ ನಿಟ್ಟುಸಿರು, ಅದೇ ಒಗೆಯುವುದು. ಅವರು ಒಗೆದಷ್ಟು ನನ್ನ ಮಡಿಲು ಭಾರವಾಯಿತು.

ಮೂರು ಗಂಟೆಯ ಹೊತ್ತಿಗೆ ಕಾಕಾ ಹಂಚಿದ. ರಾಯರದು ಒಂದು ಕುರುಡು ಬೀಜ, ನನ್ನದು ಎರಡು. ಮೊದಲ ಸರದಿ ದೊಡ್ಡಪ್ಪನದು. ಎಲೆ ಎತ್ತಿ ನೋಡಿದ. ಮುಚ್ಚಲಿಲ್ಲ. ಬೆನ್ನು ನೆಟ್ಟಗಾಯಿತು.

"ಏ, ನೀರು ತಾ."

ದೊಡ್ಡವ್ವ, ಅವನ ಹೆಂಡತಿ, ತಂಬಿಗೆ ತಂದು ಕೊಟ್ಟು ಬಾಗಿಲಲ್ಲೇ ನಿಂತಳು. ದೊಡ್ಡಪ್ಪ ಗಟಗಟ ಕುಡಿದು, ಮೀಸೆ ಒರೆಸಿ, ತನ್ನ ಮುಂದಿದ್ದ ಬೀಜಗಳಲ್ಲಿ ಹತ್ತನ್ನು ಎಣಿಸಿ ನಡುವಿಗೆ ತಳ್ಳಿದ. ತನ್ನ ಆಯುಷ್ಯದಲ್ಲಿ ಅಷ್ಟು ಬೀಜ ಒಮ್ಮೆಲೇ ಇಟ್ಟವನಲ್ಲ. ಕಾಕಾ ಒಗೆದ. ರಾಯರು ಒಗೆದರು.

ನನ್ನ ಸರದಿ. ಅಲ್ಲಿಯ ತನಕ ನೋಡದವಳು ಯಾಕೋ ಎಲೆ ಎತ್ತಿದೆ. ಮೂರು ಹತ್ತು. ಮೂರೂ ಒಂದೇ ಆದರೆ ಯಾವ ಜೋಡಿಗಿಂತಲೂ ದೊಡ್ಡ ಎಲೆ. ಐದು ದಿನದಲ್ಲಿ ಯಾರೂ ಅಂಥ ಎಲೆ ತೋರಿಸಿರಲಿಲ್ಲ. ಖಾಲಾಳ ಮನೆಯಲ್ಲಿ ಎರಡು ವರ್ಷ ಆಡಿದರೂ ನನಗೆ ಒಮ್ಮೆಯೂ ಬಂದಿರಲಿಲ್ಲ. ಹತ್ತು ಇಟ್ಟರೆ ಹತ್ತು ಬರುತ್ತದೆ, ಮೇಲೆ ಇಟ್ಟರೆ ಅವನ ಮುಂದಿದ್ದದ್ದೆಲ್ಲ ಬರುತ್ತದೆ. ಬೆರಳು ಬೀಜದ ಮೇಲೆ ಹೋಗಿತ್ತು, ಸುಳ್ಳೇಕೆ ಹೇಳಲಿ. ಆಗ ದೊಡ್ಡಪ್ಪನ ಗಂಟಲಗಂಟು ನೋಡಿದೆ. ನೀರು ಕುಡಿದ ಮೇಲೂ ಅದು ಮೇಲೆ ಕೆಳಗೆ ಆಡುತ್ತಿತ್ತು. ಈ ಮನುಷ್ಯ ಜೋಡಿ ರಾಣಿಯನ್ನು ಒಗೆದವನು. ಇವನು ಹತ್ತು ಇಟ್ಟಿದ್ದಾನೆ ಎಂದರೆ ನನ್ನ ಮೂರು ಹತ್ತಕ್ಕೆ ಏನು ಬೆಲೆ? ಇಟ್ಟು ಸೋತರೆ ಸೋಲುವುದು ಬೀಜವಲ್ಲ. ಜಿನ್ನಿನ ಬಾಗಿಲಲ್ಲಿ ನಮ್ಮವರು ಇನ್ನೊಂದು ಹಂಗಾಮು ಒಳಗೆ ಹೋಗುತ್ತಾರೆ, ಇನ್ನೊಂದು ಹಂಗಾಮು ಗೋಡೆ ಹಿಡಿದು ಉಣ್ಣುತ್ತಾರೆ.

ಮೂರೆಲೆಯನ್ನೂ ಬೋರಲು ಹಾಕಿ ಒಗೆದೆ.

ದೊಡ್ಡಪ್ಪ ನನ್ನನ್ನೇ ನೋಡಿದ. "ಯಾಕ?"

"ನಾ ಬಿಟ್ಟೆ ರೀ."

"ಯಾಕ ಬಿಟ್ಟಿ? ದಿನಾ ನೋಡದ ಇಡ್ತಿದ್ದಿ, ಇವತ್ತ ಯಾಕ ಬಿಟ್ಟಿ?" ಎಂದು ಸಿಟ್ಟಿಗೆದ್ದ. ತಡೆಯಲಾರದೆ ತನ್ನ ಎಲೆ ತಿರುಗಿಸಿ ಜಮಖಾನೆಯ ಮೇಲೆ ಬಡಿದ. ಮೂರು ರಾಜರು. ಮೀಸೆ, ಕತ್ತಿ, ಕಿರೀಟ ಹೊತ್ತ ಮೂರು ರಾಜರು. ಅರವತ್ತು ವರ್ಷ ಕಾದು ಪಡೆದ ಎಲೆ, ಅದರಿಂದ ಅವನಿಗೆ ಸಿಕ್ಕದ್ದು ರಾಯರದೊಂದು, ನನ್ನವೆರಡು, ಒಟ್ಟು ಮೂರು ಬೀಜ. ರಾಜನಿಗೊಂದು.

ಕಾಕಾ ಕೈ ಚಾಚಿ, ಕಟ್ಟಳೆ ಮುರಿದು, ನನ್ನ ಎಲೆ ತಿರುಗಿಸಿದ. ಮೂರು ಹತ್ತು.

"ದೇವಾ" ಎಂದರು ರಾಯರು. "ಇಂಥಾದ್ದು ಕೈಯಾಗ ಇಟಗೊಂಡು ಒಗದಾಳ. ಈಕಿ ಮುಂದ ನಾ ಇನ್ನ ಕೂಡಂಗಿಲ್ಲಪಾ." ತಮ್ಮ ಬೀಜ ಧೋತರದ ಅಂಚಿಗೆ ಕಟ್ಟಿಕೊಂಡು ಎದ್ದರು. ಆಟ ಮುಗಿಯಿತು. ಮಡಿಲಲ್ಲಿ ಎಣಿಸಿದರೆ ಇಪ್ಪತ್ತಾರು.

ಗೆದ್ದದ್ದು ಜಮಖಾನೆಯ ಮೇಲೆ. ತೋಟದಲ್ಲಿ ಸೋತೆ ಎಂದುಕೊಂಡೆ ಮರುದಿನ ಬೆಳಿಗ್ಗೆ. ದೊಡ್ಡಪ್ಪ ತೋಟದ ಬಾಗಿಲಿಗೆ ಅಡ್ಡ ನಿಂತಿದ್ದ.

"ಆಟ ಆಟದ ಮಟ್ಟಿಗಿ ನೀಲವ್ವಾ. ಕಂದು ಊರ ಹೊರಗ ಹೋಗಂಗಿಲ್ಲ. ಎರಡು ಸೀರಿ ಕೊಡ್ತೀನಿ, ಒಂದು ಕೊಡ ಕೊಡ್ತೀನಿ. ಇಲ್ಲೀ ಮಾತು ಇಲ್ಲಿಗಿ ಬಿಡು."

ಮೂರು ರಾಜರನ್ನು ತೋರಿಸಿ ಎದೆ ಉಬ್ಬಿಸಿದ್ದ ಗಂಡಸಿಗೆ ಮಾತು ತಿನ್ನಲು ಒಂದು ರಾತ್ರಿ ಸಾಕಾಯಿತು. ನಾನು ಅಳಲಿಲ್ಲ, ಜಗಳ ಮಾಡಲಿಲ್ಲ. ಚಕ್ಕಡಿ ಹತ್ತಿ ಕೂತೆ. ಹೆಂಗಸರು ಉಡಿ ತುಂಬಲು ಅಕ್ಕಿ, ಕೊಬ್ಬರಿ, ಅರಿಶಿನ ತಂದರು. ಸೆರಗು ಮುಂದೆ ಮಾಡಲಿಲ್ಲ. "ನನ್ನ ಉಡಿಗಿ ಬರಬೇಕಾದ್ದು ತೋಟದಾಗ ಅದ. ಅದು ಬರದಿದ್ರ ಬರೀ ಉಡೀಲೇ ಹೋಗ್ತೀನಿ" ಎಂದೆ. ಪಂಚಮಿಗೆ ಬಂದ ಮಗಳು ಬರಿ ಉಡಿಯಲ್ಲಿ ಊರ ಅಗಸೆ ದಾಟಿದರೆ ಆ ಮನೆಯ ಮುಖ ನೋಡುವವರಿಲ್ಲ. ಓಣಿಯ ಬಾಗಿಲುಗಳಲ್ಲಿ ಒಂದೊಂದೇ ತಲೆ ಕಾಣಿಸಿಕೊಂಡಿತು. ಕಾಕಾ ಎಲ್ಲರ ಆರೋಗ್ಯ ವಿಚಾರಿಸಲು ಶುರು ಮಾಡಿದ. ದೊಡ್ಡಪ್ಪ ಕದಲಲಿಲ್ಲ. ನನ್ನ ತಮ್ಮ ಎತ್ತಿನ ಹಗ್ಗ ಹಿಡಿದು, ಹೊಡೆಯಲೋ ಬಿಡಲೋ ಎಂದು ನನ್ನ ಮುಖ ನೋಡಿದ. "ಹೊಡಿ" ಎಂದೆ.

ಆಗ ದೊಡ್ಡವ್ವ ಒಳಗಿನಿಂದ ಹಾರೆ ಹಿಡಿದು ಬಂದಳು. ನಲವತ್ತು ವರ್ಷ ಗಂಡನಿಗೆ ಎದುರು ಮಾತಾಡದ ಹೆಂಗಸು. ಸೀರೆ ಮೇಲಕ್ಕೆ ಕಟ್ಟಿದ್ದಳು.

"ಸರೀರಿ" ಎಂದಳು ಗಂಡನಿಗೆ.

"ನೀ ಯಾಕ ನಡುವ ಬರ್ತಿ?"

"ನಮ್ಮಪ್ಪ ಮಹಾಗಾಂವದಾಗ ಸಾಯೋ ತನಕ ಒಂದು ಕಂದು ಕೇಳ್ದ. ನಾ ನಿಮ್ಮ ಮಾತು ಕೇಳಿ ಒಯ್ಯಲಿಲ್ಲ. ಈಕಿ ನಿಮ್ಮ ಜಮಖಾನೀ ಮ್ಯಾಲೆ ಕೂತು, ನಿಮ್ಮ ಎಲಿಲೇ ಗೆದ್ದಾಳ. ಸರೀರಿ."

ಅವನು ಸರಿದ. ಮೂರು ರಾಜರ ಎದುರು ಕೂತಿದ್ದ ನಾನು ಹೇಳುತ್ತೇನೆ, ಆ ಹಾರೆಗೆ ಯಾರಾದರೂ ಸರಿಯಬೇಕಿತ್ತು. ದೊಡ್ಡವ್ವ ಮಳೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ರಾಯರ ಪಾಲಿನ ಲೆಕ್ಕ ಗಂಡಸರು ಆಮೇಲೆ ಹಾಕಿಕೊಳ್ಳಲಿ ಎಂದು, ಇಪ್ಪತ್ತಾರು ಕಂದು ಅಗೆದಳು. ನಾನು, ನನ್ನ ತಮ್ಮ ಹೊತ್ತು ಚಕ್ಕಡಿಗೆ ತುಂಬಿ ಒದ್ದೆ ಗೋಣಿ ಹೊದಿಸಿದೆವು. ಕೊನೆಯದೊಂದನ್ನು ಮಣ್ಣು ಸಮೇತ ತಂದು ನನ್ನ ಉಡಿಗೆ ಹಾಕಿದಳು. ಆಮೇಲೆ ತಿರುಗಿ ಹೋಗಿ ಇನ್ನೊಂದು ತಂದಳು. "ಇದು ನಿಂದಲ್ಲ. ಮಹಾಗಾಂವದಾಗ ನಮ್ಮ ತಮ್ಮನ ಮನಿ ಮುಂದ ಇಳಸು" ಎಂದಳು. ನಾನು ಚಕ್ಕಡಿಯಿಂದ ಇಳಿದು ಅವಳ ಕೆಸರು ಕಾಲು ಮುಟ್ಟಿದೆ.

ಇಪ್ಪತ್ತಾರರಲ್ಲಿ ಒಂಬತ್ತು ಬದುಕಲಿಲ್ಲ. ಹದಿನೇಳು ಹಿಡಿದವು. ಮೊದಲ ವರ್ಷ ನಮ್ಮವರು ಅರ್ಧ ದಿನ ಜಿನ್ನು, ಅರ್ಧ ದಿನ ಕಪನೂರು ಎಂದು ಓಡಾಡಿದರು. ಎರಡನೆಯ ಹಂಗಾಮಿಗೆ ಮೊದಲ ಗೊನೆ ಬಿದ್ದ ದಿನ, ಜಿನ್ನಿನ ಮುಕಾದಮನಿಗೆ ನಾಲ್ಕು ಹಣ್ಣು ಕೊಟ್ಟು ಸಲಾಮು ಹೊಡೆದು ಬಂದರು. ಕೆಮ್ಮು ತಕ್ಷಣ ಹೋಗಲಿಲ್ಲ. ಒಂದು ವರ್ಷ ಕಡಿಮೆ, ಒಂದು ವರ್ಷ ಹೆಚ್ಚು, ಹೀಗೆ ಆರೇಳು ವರ್ಷ ನಮ್ಮನ್ನು ಆಡಿಸಿ ಒಂದು ಬೇಸಿಗೆಯಲ್ಲಿ ಮರೆತುಹೋಯಿತು. ಗಂಗವ್ವ ಹುಟ್ಟಿದ್ದು ಈ ತೋಟದ ಮನೆಯಲ್ಲೇ, ಅವಳ ಇಬ್ಬರು ತಮ್ಮಂದಿರೂ ಇಲ್ಲೇ.

ನಾನು ಇಸ್ಪೀಟು ಎಲೆ ಬದಲಾಯಿಸಿ ಮೋಸ ಮಾಡಿದೆ ಎಂದು ದೊಡ್ಡಪ್ಪ ಸಾಯುವ ತನಕ ಹೇಳಿಕೊಂಡು ತಿರುಗಿದ. ಗೆದ್ದ ಒಂದಾಟದಲ್ಲೂ ತನ್ನ ಎಲೆ ನೋಡದವಳು ಬದಲಾಯಿಸುವುದು ಹೇಗೆ ಎಂದು ಯಾರೂ ಅವನನ್ನು ಕೇಳಲಿಲ್ಲವಂತೆ. ಕೇಳುವುದಕ್ಕೂ ಧೈರ್ಯ ಬೇಕು, ಅದು ಆ ಊರಿನ ತೋಟದವರಲ್ಲಿ ಬೆಳೆಯುವುದಿಲ್ಲ. ಕೆಂಪು ಬಾಳೆ ಕಪನೂರಿಗೆ ಹೋಯಿತು, ಮಹಾಗಾಂವಕ್ಕೆ ಹೋಯಿತು, ಅವರ ಹಣ್ಣನ್ನು ಕೇಳುವವರು ಒಬ್ಬರೂ ಕಡಿಮೆಯಾಗಲಿಲ್ಲ. ಬದುಕೆಲ್ಲ ಬರದ ಕಳ್ಳನಿಗೆ ಬಾಗಿಲು ಕಾದರು.

ಇವತ್ತು ಸಂಜೆಯ ಹೊತ್ತಿಗೆ ಅಳಿಯ, ಅವನ ತಾಯಿ ಕಲಬುರ್ಗಿಯಿಂದ ಟಾಂಗಾ ಮಾಡಿಕೊಂಡು ಬಂದರು. ಅಳಿಯ ಕೂಸಿನ ಬಿಚ್ಚಿದ ಅಂಗೈಯಲ್ಲಿ ತನ್ನ ಬೆರಳು ಇಟ್ಟ, ಒಳ್ಳೆ ಹುಡುಗ. ಬೀಗತಿ ಮಾತ್ರ ಬಟ್ಟೆ ಸರಿಸಿ ನೋಡಿ, ಮತ್ತೆ ಮುಚ್ಚಿ, "ಏಳು ವರ್ಷ ಕಾದು, ಹೆಣ್ಣಾಯ್ತಲ್ಲ" ಎಂದರು. ಎಲೆಯ ಮೂಲೆ ಎತ್ತಿ ನಿಟ್ಟುಸಿರು ಬಿಡುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನಮ್ಮವರು, ಹೆಚ್ಚು ಮಾತಾಡದ ಮನುಷ್ಯ, ಪಡಸಾಲೆಯಿಂದಲೇ ಹೇಳಿದರು: "ಬೀಗತೇರ, ಹೆಣ್ಣು ಅದ ಅಂತ್ಲೇ ಈ ಮನಿ ಅದ, ನಾನೂ ಅದೀನಿ. ಬರ್ರಿ, ಊಟಕ್ಕ ಕೂಡ್ರಿ."

ಸೊಸೆಯಂದಿರು ಪಡಸಾಲೆಯ ಉದ್ದಕ್ಕೂ ಬಾಳೆಯೆಲೆ ಹಾಕಿದ್ದರು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ, ಸಜ್ಜೆ ರೊಟ್ಟಿ. ಗಂಡಸರು ಮೊದಲು, ಹೆಂಗಸರು ಆಮೇಲೆ ಉಣ್ಣುವುದು ನಮ್ಮ ಮನೆಯಲ್ಲೂ ನಡೆದು ಬಂದದ್ದೇ. ನಾನು ತುಪ್ಪದ ಗಿಂಡಿ ಹಿಡಿದು ಬಡಿಸುತ್ತಾ ಬಂದೆ, ಬೀಗತಿಯ ಹೋಳಿಗೆಗೂ ಹರಿಯುವಷ್ಟು ಸುರಿದೆ. ನಮ್ಮವರ ಎಲೆಯ ಹತ್ತಿರ ಬಂದಾಗ ಅವರು ಕೈ ಅಡ್ಡ ಹಿಡಿದರು. ಬೇಡವೇನೋ ಎಂದುಕೊಂಡೆ. ಅವರು ಮಗನನ್ನು ಅತ್ತ ಸರಿಸಿ, ತಮ್ಮ ಪಕ್ಕದಲ್ಲಿ ಜಾಗ ಮಾಡಿ, "ಎಲ್ಲಾರೂ ಕೂಡ್ರಿ. ಸೊಸೆಂದ್ರನ್ನೂ ಕರಿ. ನೀ ಇಲ್ಲಿ ಕೂಡು" ಎಂದರು.

ಗಿಂಡಿ ನಡುವೆ ಇಟ್ಟೆವು, ಬೇಕಾದವರು ಸುರಿದುಕೊಳ್ಳಲಿ ಎಂದು. ಸೊಸೆಯಂದಿರು ನಾಚಿ ನಾಚಿ ಎದುರು ಸಾಲಿನಲ್ಲಿ ಕೂತರು. ಬಾಗಿಲ ಆಚೆ ಗಂಗವ್ವ ಮಂಚದ ಮೇಲೆ ಒರಗಿ ತನ್ನ ಖಾರದ ಅನ್ನ ಉಣ್ಣುತ್ತಿದ್ದಳು, ಕೂಸು ಪಕ್ಕದಲ್ಲಿ. ನಾನು ನಮ್ಮವರ ಪಕ್ಕ ಕೂತು ಮೊದಲ ತುತ್ತು ಮುರಿದೆ.